ನಿಮ್ಮ ಕಡೆ ಎಷ್ಟು ಇಂಚು? ಓವರ್

ಮಳೆಗಾಲಕ್ಕೆ ಮುಂಚೆ ಮಡಿಕೇರಿಯ ಸಭೆಯೊಂದರಲ್ಲಿ ಮಳೆ ಲೆಕ್ಕ ಮತ್ತು ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊ ಸಂಪರ್ಕ) ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ನೆಂಟರು ಫೋನ್ ಮಾಡಿ ಮೊದಲು ಕೇಳುವುದು "ನಿಮ್ಮ ಕಡೆ ಎಷ್ಟು ಇಂಚು?" ಅಂತ. ಆರೋಗ್ಯ ವಿಚಾರಿಸುವುದೆಲ್ಲ ಆಮೇಲೆ. "ರಾತ್ರಿ ಎರಡು ಇಪ್ಪತ್ತು" ಎಂದು ಈ ಕಡೆಯಿಂದ ಉತ್ತರ. ಎರಡು ಇಂಚು ಇಪ್ಪತ್ತು ಸೆಂಟು (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು) ಎಂದು ಬಿಡಿಸಿ ಹೇಳಬೇಕಾದವರು ಇಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೇನೆ. ಸರ್ಕಾರ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಕಾಫಿ ತೋಟ ಮಾತ್ರ ಇಂಚು ಬಿಟ್ಟಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಂತೋ ಮುಕ್ಕಾಲು ಬಂತೋ ಎನ್ನುವುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಹಾಗಾಗಿ ಅಳೆಯುವ ಅಭ್ಯಾಸ ನಮಗೆ ಯಾರೂ ಕಲಿಸಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜನ ಕೈಬರಹದ ಮಳೆ ಪುಸ್ತಕ ಈಗಲೂ ಇದೆ.

ನನ್ನನ್ನು ಕರೆದವರು ಹ್ಯಾಮ್ ರೇಡಿಯೊ ಬಗ್ಗೆ ಮಾತಾಡಿ ಎಂದಿದ್ದಾರೆ. ಮುಂದಿನ ಸಾಲಿನ ಹುಡುಗರ ಕಣ್ಣು ಆಗಲೇ ಮೇಜಿನ ಮೇಲಿನ ಸೆಟ್ ಮೇಲಿದೆ. ಅದಕ್ಕೆ ಬರುತ್ತೇನೆ, ಸ್ವಲ್ಪ ತಡೆಯಿರಿ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಮಳೆ ಪುಸ್ತಕವನ್ನೂ ಈ ಸೆಟ್ಟನ್ನೂ ಒಂದೇ ಮೇಜಿನ ಮೇಲೆ ತರಬೇಕು. ಅದೂ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಜರಿಯುವ ಮೊದಲೇ ತರಬೇಕು.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಒಂದಾದ ಮೇಲೆ ಒಂದು ಊರಿನ ಹೆಸರು ಬರತೊಡಗಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕುಸಿದು ಬಂದ್ ಆಯಿತು. 2019ರ ಆಗಸ್ಟಿನಲ್ಲಿ ತೋರದಲ್ಲಿ ಬೆಟ್ಟ ಜರಿಯಿತು, ಕರಡಿಗೋಡು ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಯೊಳಗೆ ಬಂದಳು. 2020ರ ಆಗಸ್ಟ್ 6ರಂದು ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಕೊಂಡುಹೋಯಿತು. ಮೂರೂ ವರ್ಷ ಹೆಚ್ಚುಕಮ್ಮಿ ಒಂದೇ ಹೊತ್ತು, ಆಶ್ಲೇಷ ಮಳೆ. ಪುನರ್ವಸು, ಪುಷ್ಯದ ನೀರನ್ನೆಲ್ಲ ಕುಡಿದು ಮಣ್ಣು ತುಂಬಿರುತ್ತದೆ. ಅದರ ಮೇಲೆ ಆಶ್ಲೇಷ ಸುರಿಯುತ್ತದೆ. ಒಂದು ದಿನದ ಲೆಕ್ಕ ನೋಡಿದರೆ ಸಾಲದು, ಹಿಂದಿನ ಮೂರು ನಾಲ್ಕು ದಿನದ್ದು ಕೂಡಿಸಿ ನೋಡಬೇಕು ಎನ್ನುವುದು ಅದಕ್ಕೇ.

ಇಂಥ ಹೊತ್ತಿನಲ್ಲಿ ಫೋನ್ ಯಾಕೆ ಸಾಯುತ್ತದೆ? ಟವರಿಗೆ ಬೇಕಾದದ್ದು ಕರೆಂಟು. ಮರ ಬಿದ್ದು ಲೈನ್ ಹೋದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಜನರೇಟರ್. ಅದಕ್ಕೆ ಡೀಸೆಲ್ ತರುವ ಗಾಡಿ ಬರಬೇಕಾದ ರಸ್ತೆಯೇ ಇಲ್ಲ. ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ಟವರಿನಿಂದ ಟವರಿಗೆ ಹೋಗುವ ಕೇಬಲ್ ರಸ್ತೆ ಬದಿಯಲ್ಲೇ ಹೂತಿರುತ್ತದೆ. ರಸ್ತೆ ಜರಿದರೆ ಕೇಬಲ್ಲೂ ಜೊತೆಗೇ ಹೋಯಿತು. ಅಂದರೆ ಯಾವ ಊರಿನ ಸುದ್ದಿ ತುರ್ತಾಗಿ ಬೇಕೋ ಆ ಊರೇ ಮೊದಲು ಮೂಕವಾಗುತ್ತದೆ.

ಉಪಗ್ರಹ ಇದೆ, ರೇಡಾರ್ ಇದೆ, ನಿಮ್ಮ ಇಂಚಿನ ಲೆಕ್ಕ ಯಾರಿಗೆ ಬೇಕು ಎಂದು ಕೇಳಬಹುದು. ರೇಡಾರಿನ ಕಿರಣ ನೇರ ಹೋಗುತ್ತದೆ, ಭೂಮಿ ಕೆಳಗೆ ಬಾಗುತ್ತದೆ. ಅರ್ಧ ಡಿಗ್ರಿ ಮೇಲೆತ್ತಿ ಬಿಟ್ಟ ಕಿರಣ 150 ಕಿ.ಮೀ. ದೂರ ಬರುವಷ್ಟರಲ್ಲಿ ಸುಮಾರು ಎರಡೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಮಧ್ಯೆ ಬೆಟ್ಟ ಅಡ್ಡ ಬಂದರೆ ಅದೂ ಇಲ್ಲ. ನಮ್ಮ ಘಟ್ಟದ ಮುಂಗಾರಿನ ಮೋಡವೋ, ಬೆಟ್ಟವನ್ನು ತಬ್ಬಿಕೊಂಡು ಕೆಳಗೇ ಇದ್ದು ಸುರಿಯುವಂಥದ್ದು. ಕಿರಣ ಅದರ ತಲೆಯ ಮೇಲೆ ಹಾದುಹೋಗಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ. ಒಳ್ಳೆಯ ಕೆಲಸ, ನಾನೂ ದಿನಾ ನೋಡುತ್ತೇನೆ. ಆದರೆ ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನ ಬಣ್ಣ ಬದಲಾಯಿತು ಎಂದು ಮಳೆಮಾಪಕ ಹೇಳುವುದಿಲ್ಲ. ಗದ್ದೆ ಮೇಲಿನ ಬಾಣೆಯಲ್ಲಿ (ಎತ್ತರದ ಜಾಗದಲ್ಲಿ) ಬಿರುಕು ಬಿಟ್ಟಿದೆ ಎಂದೂ ಹೇಳುವುದಿಲ್ಲ. ಅದನ್ನು ನೋಡಲು ಮನುಷ್ಯ ಬೇಕು.

ಅಮೆರಿಕದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ 1970ರ ದಶಕದಿಂದ ಸ್ಕೈವಾರ್ನ್ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಲಕ್ಷಗಟ್ಟಲೆ ಸ್ವಯಂಸೇವಕರಿದ್ದಾರೆ. ರೈತರು, ಟೀಚರುಗಳು, ಪೊಲೀಸರು, ಮತ್ತೆ ಬಹಳಷ್ಟು ಹ್ಯಾಮ್‌ಗಳು. ಸುಂಟರಗಾಳಿಯ ಮೋಡ ಹೇಗಿರುತ್ತದೆ, ಆಲಿಕಲ್ಲಿನ ಗಾತ್ರ ಹೇಗೆ ಹೇಳಬೇಕು ಎಂದು ಹವಾಮಾನ ಇಲಾಖೆಯವರೇ ತರಬೇತಿ ಕೊಡುತ್ತಾರೆ. ಬಿರುಗಾಳಿಯ ದಿನ ಎಷ್ಟೋ ಹವಾಮಾನ ಕಚೇರಿಗಳಲ್ಲಿ ಹ್ಯಾಮ್ ಒಬ್ಬರು ಸೆಟ್ ಇಟ್ಟುಕೊಂಡು ಕೂರುತ್ತಾರೆ. ರೇಡಾರಿನಲ್ಲಿ ಕಂಡದ್ದು ನೆಲದಲ್ಲಿ ನಿಜವಾಗಿ ಆಗುತ್ತಿದೆಯೇ ಎಂದು ಮುನ್ಸೂಚನೆ ಕೊಡುವವರು ಅವರ ಮೂಲಕ ಕೇಳಿ ತಿಳಿಯುತ್ತಾರೆ. ಅವರ ಸುಂಟರಗಾಳಿ ನಮಗೆ ಬೇಡ. ನಮ್ಮದು ಹೊಳೆ, ಬರೆ, ಮರ. ಆದರೆ ಸಾಮಾನ್ಯ ಜನ ಕಂಡದ್ದನ್ನು ಇಲಾಖೆ ಲೆಕ್ಕಕ್ಕೆ ತಗೊಳ್ಳುತ್ತದಲ್ಲ, ಆ ಏರ್ಪಾಡು ನಮಗೂ ಬೇಕು.

ಈಗ ಸೆಟ್ಟಿಗೆ ಬರೋಣ. ಕೈಯಲ್ಲಿ ಹಿಡಿಯುವ ಈ ಚಿಕ್ಕದನ್ನು ನಾವು ಹ್ಯಾಂಡಿ ಅನ್ನುತ್ತೇವೆ. ಐದು ವ್ಯಾಟ್, 144ರಿಂದ 146 ಮೆಗಾಹರ್ಟ್ಸ್. ಬಯಲುಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಬೆಟ್ಟದ ನೆತ್ತಿಯಲ್ಲಿ ನಿಂತರೆ ರಾಜ, ಕಣಿವೆಗೆ ಇಳಿದರೆ ಮೂಗ. ಈ ಅಲೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುವುದು. ಬೆಟ್ಟದ ಮೇಲೆ ರಿಪೀಟರ್ ಇಟ್ಟರೆ ಅದು ಈ ಕಣಿವೆಯ ಮಾತನ್ನು ಹಿಡಿದು ಆ ಕಣಿವೆಗೆ ದಾಟಿಸುತ್ತದೆ. ಆದರೆ ಅದಕ್ಕೂ ಬ್ಯಾಟರಿ ಬೇಕು, ಸಿಡಿಲಿನಿಂದ ರಕ್ಷಣೆ ಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲದಿದ್ದರೆ ಸೋಲಾರ್ ಕೈಕೊಡುತ್ತದೆ. ರಿಪೀಟರ್ ಇರಲಿ, ಬೇಡ ಅನ್ನುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಕೊಡಗಿಗೆ ಹೇಳಿ ಮಾಡಿಸಿದಂಥದ್ದು ನನ್ನ ಪ್ರಕಾರ ನಲವತ್ತು ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್. ಇಲ್ಲೊಂದು ತಮಾಷೆ ಇದೆ. ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ದೂರದ ದೇಶಗಳ ಜೊತೆ ಮಾತಾಡಲು ಅದು ಸರಿ. ನಮಗೆ ಬೇಕಾದದ್ದು ಪಕ್ಕದ ಕಣಿವೆ, ಮಡಿಕೇರಿ, ಮಂಗಳೂರು, ಮೈಸೂರು, ಬೆಂಗಳೂರು. ಅದಕ್ಕೆ ತಂತಿಯನ್ನು ಬೇಕೆಂದೇ ತಗ್ಗಿನಲ್ಲಿ, ಹತ್ತು ಹದಿನೈದು ಅಡಿ ಎತ್ತರದಲ್ಲಿ ಕಟ್ಟುತ್ತೇವೆ. ಆಗ ಅಲೆ ಹೆಚ್ಚುಕಮ್ಮಿ ನೆಟ್ಟಗೆ ಮೇಲೆ ಹೋಗಿ, ಅಯಾನುಗೋಳಕ್ಕೆ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರಕ್ಕೆ) ತಾಗಿ, ಸುತ್ತ ಮುನ್ನೂರು ನಾನೂರು ಕಿ.ಮೀ. ಮೇಲೆ ಕೊಡೆಯ ಹಾಗೆ ಬಿಡಿಸಿಕೊಂಡು ಕೆಳಗಿಳಿಯುತ್ತದೆ. ಮಧ್ಯೆ ತಡಿಯಂಡಮೋಳ್ ಇದ್ದರೂ ಒಂದೇ, ಪುಷ್ಪಗಿರಿ ಇದ್ದರೂ ಒಂದೇ. ಮೇಲಿನಿಂದ ಬರುವುದಕ್ಕೆ ಯಾವ ಬೆಟ್ಟ ಅಡ್ಡ?

ಕಟ್ಟುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಇದನ್ನು ಪುಸ್ತಕ ಓದಿ ಕಲಿಯುವುದು ಕಷ್ಟ. ಮನೆ ವೈರಿಂಗಿನ ತಂತಿ ಸಾಕು. ಮೂವತ್ಮೂರು ಅಡಿಯ ಎರಡು ತುಂಡು. ನಡುವೆ ಅಂಗೈಯಷ್ಟು ಪಿವಿಸಿ ಪೈಪಿನ ಚೂರು. ಅದಕ್ಕೆ ಎರಡೂ ತುಂಡು ಕಟ್ಟಿ, ಸೆಟ್ಟಿನಿಂದ ಬರುವ ಕೇಬಲ್ಲಿನ ಒಳತಂತಿ ಒಂದಕ್ಕೆ, ಹೊರ ಹೆಣಿಗೆ ಇನ್ನೊಂದಕ್ಕೆ ಬೆಸುಗೆ ಹಾಕಿ. ಬೆಸುಗೆಯ ಮೇಲೆ ಟೇಪು, ಅದರ ಮೇಲೆ ಸಿಲಿಕಾನ್. ಇಲ್ಲದಿದ್ದರೆ ಕೇಬಲ್ಲಿನೊಳಗೆ ನೀರು ಇಳಿದು ಜುಲೈ ಮುಗಿಯುವಷ್ಟರಲ್ಲಿ ಅದು ಹಸಿರುಗಟ್ಟಿರುತ್ತದೆ. ಎರಡು ತುದಿಗೂ ನೈಲಾನ್ ಹಗ್ಗ. ಇನ್ನು ಮರಕ್ಕೇನು ಬರ? ಎಪ್ಪತ್ತು ಎಂಬತ್ತು ಅಡಿ ಅಂತರದ ಎರಡು ಸಿಲ್ವರ್ ಓಕ್ ಹುಡುಕಿ. ಮೆಣಸು ಕೊಯ್ಯುವ ಏಣಿ ಇದ್ದರೆ ಆಯಿತು. ಒಂದು ತುದಿಯನ್ನು ಬಿಗಿಯಾಗಿ ಕಟ್ಟಿ. ಇನ್ನೊಂದು ತುದಿಯನ್ನು ಕಟ್ಟಬೇಡಿ. ಹಗ್ಗವನ್ನು ಕೊಂಬೆಯ ಮೇಲೆ ಹಾಯಿಸಿ ತುದಿಗೆ ಅರ್ಧ ಇಟ್ಟಿಗೆ ನೇತುಹಾಕಿ. ಗಾಳಿಗೆ ಸಿಲ್ವರ್ ಓಕ್ ಹೇಗೆ ತೂಗುತ್ತದೆ ಎಂದು ನಿಮಗೆ ಗೊತ್ತು. ಮರ ಆಚೆ ಬಾಗಿದಾಗ ಇಟ್ಟಿಗೆ ಮೇಲೇರುತ್ತದೆ, ಈಚೆ ಬಂದಾಗ ಇಳಿಯುತ್ತದೆ, ತಂತಿ ತುಂಡಾಗುವುದಿಲ್ಲ. ಒಂದೇ ಎಚ್ಚರಿಕೆ: ಹತ್ತಿರದಲ್ಲಿ ಕರೆಂಟಿನ ಲೈನ್ ಹಾದುಹೋಗಿದ್ದರೆ ಅಲ್ಲಿ ಈ ಸಾಹಸ ಬೇಡ. ಜಿಗಣೆ ವಿಷಯ ನಾನು ಹೇಳುವುದಿಲ್ಲ.

ಕತ್ತಲಾದ ಮೇಲೆ ಒಂದು ತೊಂದರೆ. ರಾತ್ರಿ ಅಯಾನುಗೋಳ ತೆಳುವಾಗಿ 7 ಮೆಗಾಹರ್ಟ್ಸ್ ಅಲೆ ನೆಟ್ಟಗೆ ಹೋದರೆ ವಾಪಸ್ ಬರುವುದಿಲ್ಲ. ದೆಹಲಿಯವರು ಸ್ಪಷ್ಟವಾಗಿ ಕೇಳುತ್ತಾರೆ, ಪಕ್ಕದ ತೋಟದವರು ಕೇಳುವುದಿಲ್ಲ. ಆಗ ಎಂಬತ್ತು ಮೀಟರಿಗೆ, ಅಂದರೆ ಮೂರೂವರೆ ಮೆಗಾಹರ್ಟ್ಸಿಗೆ ಇಳಿಯಬೇಕು. ತಂತಿ ಎರಡು ಪಟ್ಟು ಉದ್ದ ಬೇಕು. ಬರೆ ಜರಿಯುವುದು ಹಗಲು ನೋಡಿಕೊಂಡಲ್ಲ. ಹಾಗಾಗಿ ಎರಡೂ ತಂತಿ ಕಟ್ಟಿಯೇ ಇಡಿ.

ಬ್ಯಾಟರಿ ಅಂದರೆ ಜೀಪಿನದೇ ಸಾಕು. ನೂರು ವ್ಯಾಟ್ ಸೆಟ್ ಪೂರಾ ದನಿಯಲ್ಲಿ ಮಾತಾಡುವಾಗ ಸುಮಾರು ಇಪ್ಪತ್ತು ಆಂಪಿಯರ್ ಎಳೆಯುತ್ತದೆ. ಹತ್ತಿಪ್ಪತ್ತು ವ್ಯಾಟಿಗೆ ಇಳಿಸಿ, ಕಡಿಮೆ ಮಾತಾಡಿ, ಜಾಸ್ತಿ ಕೇಳಿ. ಒಂದು ಖುಷಿಯ ವಿಷಯ ಏನೆಂದರೆ, ಊರಿಗೆಲ್ಲ ಕರೆಂಟು ಹೋದಾಗ ರೇಡಿಯೊ ಇನ್ನೂ ಚೆನ್ನಾಗಿ ಕೇಳುತ್ತದೆ. ಎಲ್‌ಇಡಿ ಬಲ್ಬು, ಚಾರ್ಜರ್, ಇವುಗಳ ಗುಂಯ್ ಎನ್ನುವ ಸದ್ದೆಲ್ಲ ನಿಂತುಹೋಗಿರುತ್ತದೆ.

ಸೆಟ್ ಆಯಿತು. ಏನು ಹೇಳಬೇಕು? ನನ್ನನ್ನು ಕೇಳಿದರೆ ತಂತಿ, ಬ್ಯಾಟರಿಗಿಂತ ಕಷ್ಟದ್ದು ಇದು. ಒಂದು ಉದಾಹರಣೆ ಕೊಡುತ್ತೇನೆ. "ಓವರ್" ಅಂದರೆ ನನ್ನ ಮಾತು ಮುಗಿಯಿತು, ಇನ್ನು ನೀವು ಹೇಳಿ ಎಂದು. ನಿಜವಾಗಿ ಮಾತಾಡುವಾಗ ಕಾಲ್ ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು, ಹೇಳಲೇಬೇಕು, ಇಲ್ಲಿ ಬಿಟ್ಟಿದ್ದೇನೆ.

"ಕಂಟ್ರೋಲ್, ಮಕ್ಕಂದೂರಿನಿಂದ ವರದಿ ಇದೆ, ಓವರ್."

"ಮಕ್ಕಂದೂರು, ಹೇಳಿ. ಓವರ್."

"ಸಮಯ ಸಂಜೆ 4:10. ಬೆಳಿಗ್ಗೆ 8:30ರಿಂದ ಇಲ್ಲಿವರೆಗೆ 3 ಇಂಚು 40 ಸೆಂಟು, ಅಳೆದದ್ದು. ತೋಡಿನ ನೀರು ಮಧ್ಯಾಹ್ನದಿಂದ ಕೆಂಪಾಗಿದೆ. ಈಗ ಮಳೆ ಹಾಗೇ ಇದೆ, ನೀರು ಮಾತ್ರ ಅರ್ಧಕ್ಕೆ ಇಳಿದಿದೆ, ಕಣ್ಣಾರೆ ನೋಡಿದ್ದು. ಮೇಲೆ ಬರೆ ಜರಿದಿದೆ ಎಂದು ಪಕ್ಕದ ತೋಟದವರು ಹೇಳುತ್ತಿದ್ದಾರೆ, ನಾನು ನೋಡಿಲ್ಲ. ಓವರ್."

ಅಳೆದದ್ದು, ನೋಡಿದ್ದು, ಕೇಳಿದ್ದು ಮೂರೂ ಬೇರೆ ಬೇರೆ ಇವೆ, ಗಮನಿಸಿದಿರಾ? ಕೇಳಿದ್ದನ್ನು ಹೇಳಬಾರದು ಅಂತಿಲ್ಲ. ಕೇಳಿದ್ದು ಎಂದು ಹೇಳಿ ಹೇಳಬೇಕು. "ಡ್ಯಾಮ್ ಒಡೀತಂತೆ" ಎನ್ನುವ ವಾಟ್ಸಾಪ್ ಸುದ್ದಿಗೂ ನಮ್ಮ ವರದಿಗೂ ಇರುವ ವ್ಯತ್ಯಾಸ ಆ ಒಂದು ಮಾತು. ಇನ್ನು ನೀರು ಇಳಿದ ವಿಷಯ. ಮಳೆ ಸುರಿಯುತ್ತಿರುವಾಗ ತೋಡು ಸೊರಗಿದರೆ "ಅಬ್ಬಾ, ಇಳೀತು" ಎಂದು ಸಮಾಧಾನ ಪಡಬೇಡಿ. ಮೇಲೆ ಎಲ್ಲೋ ಮಣ್ಣು ಮರ ಬಿದ್ದು ಕಟ್ಟಿಕೊಂಡಿರಬಹುದು. ಕಟ್ಟಿದ್ದು ಒಡೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ಈ ಸುದ್ದಿ ಕೂಡಲೇ ಹೋಗಬೇಕು, ತೋಡಿನ ಪಕ್ಕದ ಮನೆಯವರೂ ಕೂಡಲೇ ಏಳಬೇಕು. ಹೊಸ ಜಾಗದಲ್ಲಿ ಜಲ ಎದ್ದರೆ, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚಿಕೊಂಡರೆ, ಅದೂ ವರದಿಯೇ.

ಹವಾಮಾನ ಇಲಾಖೆಯ ಮಿಲಿಮೀಟರ್ ಲೆಕ್ಕ ನಮ್ಮ ಇಂಚಿಗೆ ಎಷ್ಟು ಸುಲಭವಾಗಿ ಕೂರುತ್ತದೆ ನೋಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, ಅದು ಎರಡೂವರೆ ಇಂಚು. 115.6 ಮಿ.ಮೀ. ಅಂದರೆ ಅತಿ ಭಾರಿ, ನಾಲ್ಕೂವರೆ ಇಂಚು. 204.5ರ ಮೇಲೆ ಹೋದರೆ ಅತ್ಯಂತ ಭಾರಿ, ಎಂಟು ಇಂಚು. ಎರಡೂವರೆ, ನಾಲ್ಕೂವರೆ, ಎಂಟು. ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು, ಇಡೀ ದೇಶ ಅಳೆಯುವುದು ಆಗಲೇ. ಮಾಪಕ ಮರದಡಿಯಲ್ಲಿ ಬೇಡ, ಸೂರಿನ ಕೆಳಗಂತೂ ಬೇಡವೇ ಬೇಡ. ಚಿಕ್ಕ ಮಾಪಕ ಆದರೆ ಜೋರು ಮಳೆಯ ದಿನ ಮಲಗುವ ಮುಂಚೆ ಒಮ್ಮೆ ನೋಡಿ ಬರೆದು ಖಾಲಿ ಮಾಡಿ. ಬೆಳಿಗ್ಗೆ ತುಂಬಿ ಚೆಲ್ಲಿದ್ದರೆ ಲೆಕ್ಕ ಹೋಯಿತು.

2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರಿನಲ್ಲಿದ್ದರು. ಹೋಗಿದ್ದದ್ದು ಹವ್ಯಾಸಕ್ಕೆ. ಅಂಡಮಾನಿನಿಂದ ಹ್ಯಾಮ್ ಸಂಪರ್ಕ ಸಿಗುವುದು ಅಪರೂಪ, ಜಗತ್ತಿನವರೆಲ್ಲ ಅದಕ್ಕೆ ಕಾಯುತ್ತಿದ್ದರು. 26ರಂದು ಸುನಾಮಿ ಬಂತು. ಅವರ ರೇಡಿಯೊ ದ್ವೀಪಗಳ ಸುದ್ದಿ ಹೊರಜಗತ್ತಿಗೆ ಮುಟ್ಟಿಸುವ ದಾರಿಗಳಲ್ಲಿ ಒಂದಾಯಿತು. ಈ ಕತೆಯನ್ನು ಎಲ್ಲರೂ ಧೈರ್ಯದ ಕತೆ ಎಂದು ಹೇಳುತ್ತಾರೆ, ಧೈರ್ಯ ಇತ್ತು ನಿಜ. ನಾನು ಅದರಲ್ಲಿ ನೋಡುವುದು ಬೇರೆ. ಆಂಟೆನಾ ಮೊದಲೇ ಕಟ್ಟಿತ್ತು. ಸೆಟ್ ದಿನವೂ ಓಡುತ್ತಿತ್ತು. ಮಾತಾಡುವವರ ಕೈ ಪಳಗಿತ್ತು. 2024ರ ಜುಲೈ 30ರಂದು ವಯನಾಡಿನಲ್ಲಿ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದಾಗಲೂ ಅಲ್ಲಿಯ ಹ್ಯಾಮ್‌ಗಳು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಕೂತು ಕೆಲಸ ಮಾಡಿದರು. ಅವರು ನಮಗೆ ನೆರೆಯವರು, ಬ್ರಹ್ಮಗಿರಿಯ ಆ ಬದಿ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು, ಹ್ಯಾಮ್ ಗೆಳೆಯರು ಬೇಜಾರು ಮಾಡಿಕೊಳ್ಳಬಾರದು. ದುರಂತ ಆದ ಮೇಲೆ ಜಾಕೆಟ್ ಹಾಕಿಕೊಂಡು ಓಡಿಬರುವವರು ಬಹಳ ಜನ. ಜುಲೈ ತಿಂಗಳ ಮಾಮೂಲಿ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರೂ ರೇಡಿಯೊದಲ್ಲಿ ಒಟ್ಟು ಸೇರುವ ನೆಟ್‌ಗೆ ಬಂದು "ಇವತ್ತು ಅರವತ್ತು ಸೆಂಟು, ಬೇರೇನಿಲ್ಲ" ಎಂದು ಹೇಳಿ ಹೋಗುವವರು ಬಹಳ ಕಡಿಮೆ. ನನಗೆ ಬೇಕಾದವರು ಅವರು. ದಿನಾ ಒಂದೇ ಹೊತ್ತು, ಒಂದೇ ಕ್ರಮ, ಹೋಬಳಿಗೊಬ್ಬರು. ನೆಟ್ ಕಂಟ್ರೋಲ್ ಊರಿನ ಹೆಸರು ಕೂಗುತ್ತಾರೆ, ನೀವು ಲೆಕ್ಕ ಕೊಡುತ್ತೀರಿ, ಹತ್ತು ನಿಮಿಷದಲ್ಲಿ ಮುಗಿಯಿತು. ಹೀಗೆ ದಿನಾ ಕೇಳಿ ಅಭ್ಯಾಸವಾದ ದನಿ ಒಂದು ದಿನ ಬರಲಿಲ್ಲ ಎಂದರೆ ಅದೇ ಒಂದು ವರದಿ. ಆ ಕಡೆ ಏನೋ ಆಗಿದೆ, ಯಾರಾದರೂ ಹೋಗಿ ನೋಡಿ ಎಂದು ಅರ್ಥ. ಫೋನ್ ಇರುವವರೆಗೆ ಅದೇ ಲೆಕ್ಕವನ್ನು 1077ಕ್ಕೆ, ಜಿಲ್ಲಾ ಕಂಟ್ರೋಲ್ ರೂಮಿಗೆ ಹೇಳಿ. ಫೋನ್ ಹೋದ ದಿನ ಕಂಟ್ರೋಲ್ ರೂಮಿನಲ್ಲಿ ನಮ್ಮವರೊಬ್ಬರು ಕೂತಿರಬೇಕು. ಆ ಕುರ್ಚಿ ಎಲ್ಲಿ ಇಡಬೇಕು, ತಂತಿ ಯಾವ ಕಿಟಕಿಯಿಂದ ಒಳಗೆ ಬರಬೇಕು ಎನ್ನುವುದನ್ನು ಆಗಸ್ಟಿನಲ್ಲಿ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೇ ತಿಂಗಳಲ್ಲೇ ಕೇಳಿ.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಸ್ವಲ್ಪ ರೇಡಿಯೊ ವಿಜ್ಞಾನ, ಸ್ವಲ್ಪ ಕಾನೂನು. ಆರಂಭದ ದರ್ಜೆಗೆ ಮೋರ್ಸ್ ಸಂಕೇತ ಬೇಕಾಗಿಲ್ಲ. ಅರ್ಜಿ ಸರಳ ಸಂಚಾರ್ ಪೋರ್ಟಲ್ಲಿನಲ್ಲಿ. ಮಕ್ಕಳೇ, ಇಂಜಿನಿಯರಿಂಗ್ ಓದಿರಬೇಕು ಅಂತೇನಿಲ್ಲ. ಇನ್ನೊಂದು ನೆನಪಿಡಿ: ಇಲ್ಲಿ ಆಡಿದ್ದನ್ನು ಯಾರು ಬೇಕಾದರೂ ಕೇಳಬಹುದು, ಗುಟ್ಟಿನ ಭಾಷೆಗೆ ಅವಕಾಶವಿಲ್ಲ. ಆದ್ದರಿಂದ ತೀರಿಕೊಂಡವರ ಹೆಸರು, ಗಾಯಾಳುಗಳ ಹೆಸರು ಗಾಳಿಯಲ್ಲಿ ಹೇಳಬಾರದು. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಊರಿಗೆಲ್ಲ ಮುಟ್ಟಿಬಿಡುತ್ತದೆ. ವ್ಯಾಪಾರದ ಮಾತೂ ಆಡುವಂತಿಲ್ಲ. ಕಾಫಿ ರೇಟು ಕೇಳಲು ಫೋನೇ ಗತಿ.

ಆಮೇಲೆ ಪ್ರಶ್ನೆಗಳು.

ಹುಡುಗನೊಬ್ಬ ಕೇಳಿದ: "ಸಾರ್, ಆನ್‌ಲೈನಿನಲ್ಲಿ ಬಾವೊಫೆಂಗ್ ಸೆಟ್ ಕಡಿಮೆ ದುಡ್ಡಿಗೆ ಸಿಗುತ್ತೆ. ತಗೊಂಡು ಸುಮ್ನೆ ಇಟ್ಕೊಂಡ್ರೆ ಆಗಲ್ವಾ?"

ಆಗಲ್ಲಪ್ಪ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕಾನೂನಿನ ಪ್ರಕಾರ ತಪ್ಪು. ಅದಕ್ಕಿಂತ ಹೆಚ್ಚಾಗಿ, ಅಭ್ಯಾಸ ಇಲ್ಲದ ಕೈಗೆ ಮಳೆಯ ರಾತ್ರಿ ಅದು ಆಟಿಕೆ. ಪೊಲೀಸರ ಚಾನೆಲ್ಲಿಗೆ ಗೊತ್ತಿಲ್ಲದೆ ನುಗ್ಗಿದರೆ ಅವರ ಕೆಲಸವೂ ಕೆಡುತ್ತದೆ.

ಬೆಳೆಗಾರರೊಬ್ಬರು ಸ್ಯಾಟಲೈಟ್ ಫೋನ್ ವಿಷಯ ಎತ್ತಿದರು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಅನುಮತಿ ಇದ್ದು ದುಡ್ಡೂ ಇದ್ದರೆ ಒಳ್ಳೆಯದೇ. ಆದರೆ ಅದು ಒಬ್ಬರಿಂದ ಒಬ್ಬರಿಗೆ. ನೆಟ್‌ನಲ್ಲಿ ಒಬ್ಬರು ಹೇಳಿದ್ದು ಇಪ್ಪತ್ತು ಊರಿಗೆ ಒಟ್ಟಿಗೇ ಕೇಳುತ್ತದೆ. ಮೇಲಿನ ಹಟ್ಟಿಹೊಳೆಯವರು "ಹೊಳೆ ಏರಿದೆ" ಎಂದರೆ ಕೆಳಗಿನವರು ಯಾರ ಫೋನಿಗೂ ಕಾಯಬೇಕಾಗಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. "ನೀವು ಹೇಳೋದೆಲ್ಲ ಸರಿ ಅಣ್ಣ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಅಸ್ಸಾಮಿನವರಿದ್ದಾರೆ. ಕನ್ನಡ ಬರಲ್ಲ, ಹಿಂದಿ ಅಷ್ಟಕ್ಕಷ್ಟೆ. ಅವರಿಗೆ ಹೇಳೋರು ಯಾರು?"

ಅವತ್ತು ಬಂದದ್ದರಲ್ಲಿ ಒಳ್ಳೆಯ ಪ್ರಶ್ನೆ ಇದು. ಊರು ಖಾಲಿ ಮಾಡಿ ಎಂದು ಆದೇಶ ಕೊಡುವ ಅಧಿಕಾರ ಹ್ಯಾಮ್‌ಗೆ ಇಲ್ಲ, ಅದು ಜಿಲ್ಲಾಡಳಿತದ್ದು. ಆದರೆ ಲೈನ್ ಮನೆಗಳು ಬಹಳ ಕಡೆ ಬರೆಯ ಕೆಳಗೆ, ತೋಡಿನ ಪಕ್ಕದಲ್ಲೇ ಇವೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರ ಭಾಷೆ ಯಾರಿಗೆ ಗೊತ್ತು, ರಾತ್ರಿ ಹೊತ್ತು ಎಲ್ಲರನ್ನೂ ಕರೆದುಕೊಂಡು ಹೋಗಿ ಕೂರಿಸಲು ಗಟ್ಟಿ ಜಾಗ ಯಾವುದು, ಕಣವೋ ಗೋಡೌನೋ, ಇದು ಮಳೆ ಹಿಡಿಯುವ ಮೊದಲೇ ತೀರ್ಮಾನ ಆಗಿರಬೇಕು. ಅಕ್ಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೀಗಿತ್ತು: ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ನ ಹ್ಯಾಮ್ ಪರೀಕ್ಷೆಗೆ ಕೂರಿಸಿ. ಮಳೆ ಪುಸ್ತಕ ಬರೆಯುವುದು ಅವರೇ, ಲೈನ್ ಮನೆಯವರ ಹಾಜರಿ ಪುಸ್ತಕ ಇರುವುದೂ ಅವರ ಹತ್ತಿರವೇ. ಪರೀಕ್ಷೆಯ ಫೀಸು ತೋಟದ ಲೆಕ್ಕಕ್ಕೆ ಹಾಕಿ.